ಎಬೋಲಾ: ರಕ್ತ ಕಾಣುವವರೆಗೆ ಕಾಯಬೇಡಿ

ನಾನು ಪುಣೆಯಲ್ಲಿ ವೈದ್ಯೆ. ಕಂಪನಿ ಕೆಲಸಕ್ಕೆಂದು ಆಫ್ರಿಕಾಕ್ಕೆ ಹೊರಟವರು ಸಲಹೆ ಕೇಳಲು ನನ್ನ ಬಳಿ ಬರುವುದುಂಟು. ಕಾಂಗೋಗೆ ಹೊರಟಿದ್ದ ಹುಬ್ಬಳ್ಳಿ ಕಡೆಯ ಎಂಜಿನಿಯರೊಬ್ಬರು ಕೇಳಿದರು: "ಎಬೋಲಾ ಬಂದ್ರ ರಕ್ತ ಕಾರಿ ಸಾಯ್ತಾರಂತಲ್ರಿ ಮೇಡಮ್, ಖರೇನ?" ಬಹಳ ಜನರ ತಲೆಯಲ್ಲಿರುವ ಚಿತ್ರ ಇದೇ. ರಕ್ತ ಕಾಣದಿದ್ದರೆ ಎಬೋಲಾ ಇರಲಾರದು ಎಂದುಕೊಂಡು ಕೂತರೆ ಚಿಕಿತ್ಸೆಗೆ ಸಿಗಬೇಕಾದ ದಿನಗಳೇ ಕಳೆದುಹೋಗುತ್ತವೆ.

2014ರಲ್ಲಿ ಸಿಯೆರಾ ಲಿಯೋನ್‌ನ ಕೆನೆಮಾ ಸರ್ಕಾರಿ ಆಸ್ಪತ್ರೆಗೆ ಬಂದ ಎಬೋಲಾ ರೋಗಿಗಳ ದಾಖಲೆ ನೋಡಿ. ಲಕ್ಷಣಗಳ ವಿವರ ಸಿಕ್ಕವರಲ್ಲಿ ಶೇ 89 ಮಂದಿಗೆ ಜ್ವರ, ಶೇ 80 ಮಂದಿಗೆ ತಲೆನೋವು, ಶೇ 66 ಮಂದಿಗೆ ವಿಪರೀತ ಸುಸ್ತು, ಅರ್ಧದಷ್ಟು ಜನರಿಗೆ ಭೇದಿ. ರಕ್ತಸ್ರಾವ ಕಂಡದ್ದು ಒಬ್ಬರಲ್ಲಿ ಮಾತ್ರ! ಆದರೂ ಅಲ್ಲಿ ಶೇ 74 ರೋಗಿಗಳು ತೀರಿಕೊಂಡರು. ಆ ಆಸ್ಪತ್ರೆಯಲ್ಲಿ ಚಿಕಿತ್ಸೆಯ ನೇತೃತ್ವ ವಹಿಸಿದ್ದ ಡಾ. ಶೇಖ್ ಉಮರ್ ಖಾನ್ ಕೂಡ ಆ ಜುಲೈನಲ್ಲಿ ಎಬೋಲಾಗೆ ಬಲಿಯಾದರು.

ಯಾರಿಗೆ ಸಾವಿನ ಅಪಾಯ ಹೆಚ್ಚಿತ್ತು? ಮೊದಲನೆಯದು ವಯಸ್ಸು. 21 ದಾಟದವರಲ್ಲಿ ಶೇ 57 ಮಂದಿ ಸತ್ತರೆ, 45 ದಾಟಿದವರಲ್ಲಿ ಶೇ 94. ಎರಡನೆಯದು ರಕ್ತದಲ್ಲಿನ ವೈರಸ್ ಪ್ರಮಾಣ. ಒಂದು ಮಿಲಿಲೀಟರ್‌ನಲ್ಲಿ ಒಂದು ಲಕ್ಷಕ್ಕಿಂತ ಕಡಿಮೆಯಿದ್ದವರಲ್ಲಿ ಸಾವು ಶೇ 33. ಒಂದು ಕೋಟಿ ಮುಟ್ಟಿದವರಲ್ಲಿ ಶೇ 94. ಬಂದಾಗಲೇ ಭೇದಿ, ತಲೆಸುತ್ತು, ನಿತ್ರಾಣ ಇದ್ದವರು, ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿದ್ದವರು ಉಳಿದದ್ದು ಕಡಿಮೆ. ವಾಂತಿ ಭೇದಿಯಲ್ಲಿ ದೇಹದ ನೀರು, ಲವಣ ಹರಿದುಹೋಗುತ್ತವೆ, ರಕ್ತದೊತ್ತಡ ಕುಸಿಯುತ್ತದೆ, ಮೂತ್ರಪಿಂಡ ಕೈಕೊಡುತ್ತದೆ. ಹಾಗಾಗಿ ಡ್ರಿಪ್ ಕೂಡ ಇಲ್ಲಿ ಜೀವ ಉಳಿಸುವ ಮದ್ದೇ.

ಕಾಂಗೋದಲ್ಲಿ 2018-19ರಲ್ಲಿ ನಡೆದ ಔಷಧ ಪ್ರಯೋಗ ಇನ್ನೊಂದು ಸಂಗತಿ ತೋರಿಸಿತು. ಲಕ್ಷಣ ಕಂಡ ಒಂದೇ ದಿನದೊಳಗೆ ಬಂದವರಲ್ಲಿ ಸತ್ತವರು ಶೇ 19. ಐದು ದಿನ ಅಥವಾ ಅದಕ್ಕಿಂತ ತಡವಾಗಿ ಬಂದವರಲ್ಲಿ ಶೇ 47. ಅಲ್ಲಿ ಗೆದ್ದ ಎರಡು ಪ್ರತಿಕಾಯ ಔಷಧಗಳನ್ನು, ವೈರಸ್ ಪ್ರಮಾಣ ಇನ್ನೂ ಕಡಿಮೆಯಿದ್ದಾಗಲೇ ಪಡೆದವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಬದುಕಿದರು.

ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವೈರಸ್ ಬೇರೆ; ಆದರೆ ಅದೂ ರಕ್ತಸ್ರಾವದ ಜ್ವರಗಳ ಗುಂಪಿನದೇ. ಅಲ್ಲಿಯೂ ಎಲ್ಲ ರೋಗಿಗಳಲ್ಲಿ ರಕ್ತ ಕಾಣುವುದಿಲ್ಲ. ಹೆಸರು ನೋಡಿ ಲಕ್ಷಣ ಊಹಿಸಬಾರದು.

ಪರವೂರಿನಲ್ಲಿ ರೂಮ್ ಮಾಡಿಕೊಂಡಿರುವ ನಮ್ಮವರಿಗೆ ಪ್ಯಾರಾಸಿಟಮಾಲ್ ನುಂಗಿ ಎರಡು ದಿನ ನೋಡುವ ರೂಢಿ ಇದೆ. ಎಬೋಲಾ ಹಬ್ಬಿರುವ ಪ್ರದೇಶದಿಂದ ಬಂದವರು ಹಾಗೆ ಮಾಡಬೇಡಿ. ಸೋಂಕು ತಗಲಿದ 2ರಿಂದ 21 ದಿನಗಳಲ್ಲಿ ಲಕ್ಷಣ ಕಾಣಬಹುದು. ಜ್ವರ ಬಂದರೆ ಪ್ರತ್ಯೇಕವಾಗಿರಿ, ಆಸ್ಪತ್ರೆಗೆ ಮೊದಲು ಫೋನ್ ಮಾಡಿ, ಎಲ್ಲಿಂದ ಬಂದಿರಿ ಎಂಬುದನ್ನೇ ಮೊದಲ ಮಾತಾಗಿ ಹೇಳಿ. ಅದು ಮಲೇರಿಯಾ ಆಗಿರುವ ಸಾಧ್ಯತೆಯೂ ಇದೆ. ಅದಕ್ಕೂ ಅಂದೇ ಪರೀಕ್ಷೆ ಆಗಬೇಕು.