ಗಡಿ ದಾಟುವ ಬಂದೂಕು: ತಪ್ಪು ಕಲ್ಪನೆ ಮತ್ತು ಸತ್ಯ

ಕನಕಪುರದ ಕೋಡಿಹಳ್ಳಿ, ಸಾತನೂರು ಕಡೆಯ ಹಳ್ಳಿಗಳಲ್ಲಿ ಬಂದೂಕಿನ ಮಾತು ಬಂದರೆ ಅದು ಬಹುಪಾಲು ಬೆಳೆ ಕಾವಲಿನ ಮಾತು. ರಾಗಿ ತೆನೆ ಕಟ್ಟುವ ಹೊತ್ತಿಗೆ ಕಾಡುಹಂದಿ ಹೊಲಕ್ಕೆ ನುಗ್ಗುತ್ತದೆ. ಬನ್ನೇರುಘಟ್ಟದ ಕಡೆಯಿಂದಲೋ ಕಾವೇರಿ ವನ್ಯಜೀವಿಧಾಮದಿಂದಲೋ ಆನೆ ಹಿಂಡು ಇಳಿಯುತ್ತದೆ. ಚನ್ನಪಟ್ಟಣದ ತೆಂಗಿನಕಲ್ಲು ಅರಣ್ಯದ ಆಸುಪಾಸಿನ ರೈತರ ಪಾಡೂ ಬೇರೆಯಲ್ಲ. ಹಾಗಾಗಿ ಅಜ್ಜನ ಕಾಲದ ಒಂಟಿ ನಳಿಗೆ ಬಂದೂಕು ಇನ್ನೂ ಕೆಲವು ಮನೆಗಳಲ್ಲಿದೆ.

ಈ ಸೀಮೆಯ ಇನ್ನೊಂದು ವಿಶೇಷ ಅದರ ಗಡಿಗಳು. ಚನ್ನಪಟ್ಟಣ ದಾಟಿದರೆ ಮಂಡ್ಯ ಜಿಲ್ಲೆಯ ಮದ್ದೂರು, ಮಾಗಡಿ ದಾಟಿದರೆ ತುಮಕೂರು ಜಿಲ್ಲೆಯ ಕುಣಿಗಲ್, ಸಾತನೂರು ದಾಟಿದರೆ ಮಳವಳ್ಳಿ. ಕನಕಪುರ ತಾಲ್ಲೂಕಿನ ಒಂದು ಅಂಚು ತಮಿಳುನಾಡಿಗೇ ತಾಗಿದೆ. ಜಮೀನು ಒಂದು ಜಿಲ್ಲೆಯಲ್ಲಿ, ನೆಂಟಸ್ತಿಕೆ ಇನ್ನೊಂದು ಜಿಲ್ಲೆಯಲ್ಲಿ, ಮಕ್ಕಳ ಕೆಲಸ ಬೆಂಗಳೂರಿನಲ್ಲಿ. ಜನ ಓಡಾಡಿದಂತೆ ಬಂದೂಕೂ ಓಡಾಡಬಹುದೆಂದು ನಂಬಿದವರು ಬಹಳ. ಈ ನಂಬಿಕೆಯಿಂದ ಪ್ರಾಮಾಣಿಕ ರೈತನೂ ಆರೋಪಿಯ ಜಾಗದಲ್ಲಿ ನಿಲ್ಲಬೇಕಾದೀತು. ಆದ್ದರಿಂದ 1959ರ ಶಸ್ತ್ರಾಸ್ತ್ರ ಕಾಯ್ದೆ, 2016ರ ಶಸ್ತ್ರಾಸ್ತ್ರ ನಿಯಮಗಳು ಮತ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಜಕ್ಕೂ ಏನು ಹೇಳುತ್ತವೆ ಎಂಬುದನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಲೈಸೆನ್ಸ್ ಇದ್ದರೆ ದೇಶದಲ್ಲಿ ಎಲ್ಲಿಗೆ ಬೇಕಾದರೂ ಬಂದೂಕು ಒಯ್ಯಬಹುದು

ಸತ್ಯ: ವಾಹನ ಚಾಲನಾ ಪರವಾನಗಿ ಇಡೀ ದೇಶಕ್ಕೆ ನಡೆಯುತ್ತದೆ, ಬಂದೂಕಿನದು ಹಾಗಲ್ಲ. ಬಂದೂಕಿನ ಪರವಾನಗಿಯಲ್ಲಿ ಅದು ಯಾವ ಪ್ರದೇಶಕ್ಕೆ ಮಾನ್ಯ ಎಂಬುದನ್ನು ನಮೂದಿಸಿರುತ್ತಾರೆ. ಕೆಲವರದು ಜಿಲ್ಲೆಗೆ ಸೀಮಿತ, ಕೆಲವರದು ರಾಜ್ಯಕ್ಕೆ, ಕೆಲವೇ ಮಂದಿಯದು ಇಡೀ ಭಾರತಕ್ಕೆ. ಬೆಳೆ ರಕ್ಷಣೆಗೆಂದು ಕೊಟ್ಟ ಪರವಾನಗಿ ಸಾಮಾನ್ಯವಾಗಿ ಆ ಜಮೀನಿನ ಸುತ್ತಮುತ್ತಲಿಗೇ ಸಂಬಂಧಿಸಿದ್ದು. ಜಿಲ್ಲೆಗೆ ಮಾತ್ರ ಮಾನ್ಯವಾದ ಬಂದೂಕನ್ನು ಮದ್ದೂರಿನ ನೆಂಟರ ತೋಟಕ್ಕೆ ಒಯ್ದರೂ ನಿಯಮ ಮುರಿದಂತೆ. ರಾಜ್ಯಕ್ಕೆ ಮಾನ್ಯವಾದದ್ದು ತಮಿಳುನಾಡಿನ ನೆಲದಲ್ಲಿ ನಡೆಯುವುದಿಲ್ಲ.

ವ್ಯಾಪ್ತಿ ಹಿಗ್ಗಿಸಿಕೊಳ್ಳಲು ದಾರಿಯಿದೆ. ಪರವಾನಗಿ ಕೊಟ್ಟ ಪ್ರಾಧಿಕಾರಕ್ಕೆ, ಅಂದರೆ ನಮ್ಮಲ್ಲಿ ಜಿಲ್ಲಾಧಿಕಾರಿಗೆ, ಕಾರಣ ತೋರಿಸಿ ಪ್ರತ್ಯೇಕ ಅರ್ಜಿ ಹಾಕಬೇಕು. ರಾಜ್ಯದಾಚೆಗೂ ಮಾನ್ಯತೆ ಬೇಕೆಂದರೆ ಕಡತ ಸರ್ಕಾರದ ಹಂತಕ್ಕೂ ಹೋಗಬೇಕಾಗುತ್ತದೆ. ಅನುಮತಿಯು ಪರವಾನಗಿ ಪುಸ್ತಕದಲ್ಲಿ ದಾಖಲಾದ ಮೇಲೆಯೇ ಪಯಣ.

ತಪ್ಪು ಕಲ್ಪನೆ 2: ಪುಸ್ತಕ ಮನೆಯಲ್ಲಿದ್ದರೂ ಸಾಕು, ಕೇಳಿದರೆ ಆಮೇಲೆ ತೋರಿಸಬಹುದು

ಸತ್ಯ: ಬಂದೂಕು ಒಯ್ಯುವವರನ್ನು ಪರವಾನಗಿ ಕೇಳುವ ಅಧಿಕಾರವನ್ನು ಶಸ್ತ್ರಾಸ್ತ್ರ ಕಾಯ್ದೆಯ 19ನೇ ಕಲಂ ಪೊಲೀಸರಿಗೆ ಕೊಟ್ಟಿದೆ. ತೋರಿಸದಿದ್ದರೆ ಆಯುಧವನ್ನು ವಶಕ್ಕೆ ತೆಗೆದುಕೊಳ್ಳಬಹುದು. ಪರವಾನಗಿಯ ಷರತ್ತು ಮುರಿದರೆ 30ನೇ ಕಲಂ ಪ್ರಕಾರ 6 ತಿಂಗಳವರೆಗೆ ಸೆರೆವಾಸ ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಪರವಾನಗಿಯೇ ಇಲ್ಲದೆ ಬಂದೂಕು ಇಟ್ಟುಕೊಂಡ ಅಪರಾಧಕ್ಕೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸೆರೆವಾಸವಿದೆ. ಇದರ ಜೊತೆಗೆ 17ನೇ ಕಲಂ ಅಡಿ ಪರವಾನಗಿಯನ್ನು ಅಮಾನತಿನಲ್ಲಿಡುವ ಅಥವಾ ರದ್ದುಪಡಿಸುವ ಅಧಿಕಾರ ಜಿಲ್ಲಾಧಿಕಾರಿಗಿದೆ.

ತಪ್ಪು ಕಲ್ಪನೆ 3: ಅಪ್ಪನ ಲೈಸೆನ್ಸಿನಲ್ಲಿ ಮಗನೂ ಬಂದೂಕು ಹಿಡಿಯಬಹುದು

ಸತ್ಯ: ಪರವಾನಗಿ ಕೊಡುವುದು ವ್ಯಕ್ತಿಗೆ, ಮನೆತನಕ್ಕಲ್ಲ. 3ನೇ ಕಲಂ ಒಂದು ಸಣ್ಣ ವಿನಾಯಿತಿ ಕೊಟ್ಟಿದೆ. ಪರವಾನಗಿದಾರ ಎದುರಿಗಿದ್ದಾಗ, ಅಥವಾ ಆತ ಬರೆದುಕೊಟ್ಟ ಅಧಿಕಾರಪತ್ರ ಜೊತೆಗಿದ್ದಾಗ, ಬೇರೊಬ್ಬರು ಬಂದೂಕನ್ನು ಹೊತ್ತೊಯ್ಯಬಹುದು. ಅದೂ ರಿಪೇರಿಗೆ, ಪರವಾನಗಿ ನವೀಕರಣಕ್ಕೆ ಅಥವಾ ಪರವಾನಗಿದಾರನೇ ಬಳಸುವುದಕ್ಕೆ ಮಾತ್ರ. ವಯಸ್ಸಾದ ತಂದೆಯ ಬಂದೂಕನ್ನು ನವೀಕರಣದ ಪರಿಶೀಲನೆಗೆ ಮಗ ಒಯ್ಯುವುದಿದ್ದರೆ ತಂದೆ ಸಹಿ ಹಾಕಿದ ಪತ್ರವೂ ಪರವಾನಗಿ ಪುಸ್ತಕವೂ ಕೈಯಲ್ಲಿರಲಿ. ರಾತ್ರಿ ಕಾವಲಿಗೆ ಮಗ ಒಬ್ಬನೇ ಬಂದೂಕು ಹಿಡಿದು ಹೋಗುವುದು ಈ ವಿನಾಯಿತಿಯೊಳಗೆ ಬರುವುದಿಲ್ಲ.

ತಪ್ಪು ಕಲ್ಪನೆ 4: ಅಪ್ಪ ತೀರಿಕೊಂಡ ಮೇಲೆ ಬಂದೂಕು ಜಮೀನಿನಂತೆ ಮಕ್ಕಳಿಗೆ ಬರುತ್ತದೆ

ಸತ್ಯ: ಪರವಾನಗಿದಾರ ತೀರಿಕೊಂಡ ಮೇಲೆ ಹೊಸ ಪರವಾನಗಿಯಿಲ್ಲದೆ ಮನೆಯವರು ಆ ಬಂದೂಕನ್ನು ಇಟ್ಟುಕೊಳ್ಳುವಂತಿಲ್ಲ. 21ನೇ ಕಲಂ ಪ್ರಕಾರ ಅನಗತ್ಯವಾಗಿ ತಡಮಾಡದೆ ಅದನ್ನು ಪೊಲೀಸ್ ಠಾಣೆಯಲ್ಲೋ ಪರವಾನಗಿ ಪಡೆದ ಶಸ್ತ್ರಾಸ್ತ್ರ ವ್ಯಾಪಾರಿಯ ಬಳಿಯೋ ಠೇವಣಿ ಇಡಬೇಕು. ಆಮೇಲೆ ವಾರಸುದಾರರಲ್ಲಿ ಒಬ್ಬರು, ಉಳಿದವರ ಒಪ್ಪಿಗೆಯೊಂದಿಗೆ, ಪರವಾನಗಿಗೆ ಅರ್ಜಿ ಹಾಕಬಹುದು. ಪರವಾನಗಿದಾರ ಬದುಕಿರುವಾಗಲೂ ವರ್ಗಾವಣೆಗೆ ಅವಕಾಶವಿದೆ. ಆತನಿಗೆ 70 ವರ್ಷ ತುಂಬಿರಬೇಕು, ಇಲ್ಲವೇ ಆ ಬಂದೂಕು 25 ವರ್ಷ ಆತನ ಬಳಿಯಿರಬೇಕು. ಹಳ್ಳಿಯ ಎಷ್ಟೋ ಹಿರಿಯರು ಈ ಎರಡರಲ್ಲಿ ಒಂದು ಅರ್ಹತೆಯನ್ನು ಆಗಲೇ ಪಡೆದಿರುತ್ತಾರೆ. ಅವರು ಇರುವಾಗಲೇ ಕಾಗದಪತ್ರ ಮುಗಿಸಿಕೊಂಡರೆ ಮಕ್ಕಳಿಗೆ ತೊಂದರೆ ತಪ್ಪುತ್ತದೆ.

ತಪ್ಪು ಕಲ್ಪನೆ 5: ಬೆಂಗಳೂರಿಗೆ ಮನೆ ಬದಲಾಯಿಸಿದರೂ ಹಳೆಯ ಪುಸ್ತಕವೇ ಸಾಕು

ಸತ್ಯ: ವಾಸಸ್ಥಳ ಬದಲಾಗಿ, ಬಂದೂಕನ್ನೂ ಜೊತೆಗೆ ಒಯ್ದರೆ 30 ದಿನಗಳೊಳಗೆ ಪರವಾನಗಿ ಪ್ರಾಧಿಕಾರಕ್ಕೆ ತಿಳಿಸಬೇಕು. ಮಾಗಡಿಯಿಂದ ಬೆಂಗಳೂರು ನಗರಕ್ಕೆ ಹೋದವರಿಗೆ ಪ್ರಾಧಿಕಾರವೇ ಬದಲಾಗುತ್ತದೆ. ನಗರದಲ್ಲಿ ಪರವಾನಗಿ ಕೊಡುವವರು ಪೊಲೀಸ್ ಆಯುಕ್ತರು, ಇಲ್ಲಿ ಜಿಲ್ಲಾಧಿಕಾರಿ. ಬಂದೂಕು ಪರವಾನಗಿಗಳ ರಾಷ್ಟ್ರೀಯ ದತ್ತಸಂಚಯದಲ್ಲಿ ಪ್ರತಿ ಪರವಾನಗಿದಾರನಿಗೂ ಒಂದು ವಿಶಿಷ್ಟ ಗುರುತಿನ ಸಂಖ್ಯೆ ಇರಬೇಕು, ಅದಿಲ್ಲದ ಪರವಾನಗಿ ಮಾನ್ಯವಲ್ಲ. ಹಳೆಯ ಪುಸ್ತಕ ಇಟ್ಟುಕೊಂಡವರು ಈ ಸಂಖ್ಯೆ ತಮ್ಮಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ತಪ್ಪು ಕಲ್ಪನೆ 6: ಮದ್ದು ತುಂಬುವ ನಾಡಬಂದೂಕಿಗೆ ಲೈಸೆನ್ಸ್ ಬೇಡ

ಸತ್ಯ: ಬೇಕು. ನಳಿಗೆಯ ಬಾಯಿಂದ ಮದ್ದು ತುಂಬಿ ಹೊಡೆಯುವ ಬಂದೂಕೂ ಕಾಯ್ದೆಯ ಕಣ್ಣಿನಲ್ಲಿ ಬಂದೂಕೇ. ಊರಿನ ಕುಲುಮೆಯಲ್ಲಿ ಅದನ್ನು ಮಾಡಿಸುವುದಂತೂ ಇನ್ನೂ ದೊಡ್ಡ ಅಪರಾಧ. ಪರವಾನಗಿಯಿಲ್ಲದೆ ಬಂದೂಕು ತಯಾರಿಸುವುದಕ್ಕೆ, ಮಾರುವುದಕ್ಕೆ 2019ರ ತಿದ್ದುಪಡಿ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸೆರೆವಾಸ ವಿಧಿಸಿದೆ.

ಆದರೆ ಕಾಯ್ದೆ ರೈತನಿಗೆ ಬಾಗಿಲು ಮುಚ್ಚಿಲ್ಲ ಎಂಬುದನ್ನೂ ಹೇಳಬೇಕು. ನಿಜವಾದ ಬೆಳೆ ರಕ್ಷಣೆಗೆ ನಾಡಬಂದೂಕಿನ ಪರವಾನಗಿ ಕೊಡುವುದನ್ನು 13ನೇ ಕಲಂ ಹೆಸರು ಹಿಡಿದೇ ಹೇಳಿದೆ. ಅದು ಸಾಲದೆಂದು ಪ್ರಾಧಿಕಾರಕ್ಕೆ ಮನವರಿಕೆಯಾದರೆ ಬೇರೆ ಬಗೆಯ ನಯ ನಳಿಗೆಯ ಬಂದೂಕಿಗೂ ಅನುಮತಿ ಕೊಡಬಹುದು. ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸಬಾರದೆಂದು 14ನೇ ಕಲಂ ಸ್ಪಷ್ಟವಾಗಿ ಬರೆದಿದೆ. ಹತ್ತು ಗುಂಟೆಯ ರೈತನೂ ಅರ್ಜಿ ಹಾಕಬಹುದು. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು, ಆ ಆದೇಶದ ವಿರುದ್ಧ 18ನೇ ಕಲಂ ಅಡಿ ಮೇಲ್ಮನವಿಗೂ ಅವಕಾಶವಿದೆ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು, ಪೊಲೀಸ್ ವರದಿ ಬರಬೇಕು, ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣಪತ್ರ ಬೇಕು, ಬಂದೂಕನ್ನು ಸುರಕ್ಷಿತವಾಗಿ ಬಳಸುವ ತರಬೇತಿಯ ಪ್ರಮಾಣಪತ್ರವೂ ಬೇಕು.

ತಪ್ಪು ಕಲ್ಪನೆ 7: ಬೆಳೆ ರಕ್ಷಣೆ ಲೈಸೆನ್ಸ್ ಇದ್ದರೆ ಹೊಲಕ್ಕೆ ಬಂದ ಪ್ರಾಣಿಗೆ ಗುಂಡು ಹಾರಿಸಬಹುದು

ಸತ್ಯ: ನಮ್ಮ ಭಾಗದಲ್ಲಿ ಅತ್ಯಂತ ದುಬಾರಿಯಾಗುವ ತಪ್ಪು ಕಲ್ಪನೆ ಇದು. ಬಂದೂಕು ಇಟ್ಟುಕೊಳ್ಳುವ ಅನುಮತಿ ಬೇರೆ, ಕಾಡುಪ್ರಾಣಿಯನ್ನು ಕೊಲ್ಲುವ ಅನುಮತಿ ಬೇರೆ. ಮೊದಲನೆಯದನ್ನು ಜಿಲ್ಲಾಧಿಕಾರಿ ಕೊಡುತ್ತಾರೆ. ಎರಡನೆಯದು ವನ್ಯಜೀವಿ ಕಾಯ್ದೆಗೆ ಸೇರಿದ್ದು. ಬೆಳೆ ನಾಶ ಮಾಡುವ ಕಾಡುಹಂದಿಯಂಥ ಪ್ರಾಣಿಯನ್ನು ಕೊಲ್ಲಬೇಕಾದರೂ 11ನೇ ಕಲಂ ಅಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣಸಹಿತ ಲಿಖಿತ ಆದೇಶ ಕೊಡಬೇಕು. ಆನೆ ಮೊದಲ ಅನುಸೂಚಿಯ ಪ್ರಾಣಿ, ಬೆಳೆ ತಿಂದಿತೆಂಬ ಕಾರಣಕ್ಕೆ ಅದನ್ನು ಕೊಲ್ಲಲು ಅನುಮತಿ ಸಿಗುವುದಿಲ್ಲ. ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಮಾಡಿದ ಕೃತ್ಯವನ್ನು ಕಾಯ್ದೆ ಅಪರಾಧವೆನ್ನುವುದಿಲ್ಲ. ಆದರೆ ಹೊಲದಲ್ಲಿ ತಿನ್ನುತ್ತಾ ನಿಂತ ಆನೆಗೆ ಗುಂಡು ಹೊಡೆದು ಈ ಮಾತು ಹೇಳಿದರೆ ನಿಲ್ಲುವುದಿಲ್ಲ.

ಇಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಗಡಿಯೂ ಇದೆ. ವನ್ಯಜೀವಿಧಾಮದ ಒಳಗೆ ಅಥವಾ ಅದರಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಬಂದೂಕು ಪರವಾನಗಿದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕೆಂದು ವನ್ಯಜೀವಿ ಕಾಯ್ದೆಯ 34ನೇ ಕಲಂ ಹೇಳುತ್ತದೆ. ಆ 10 ಕಿಲೋಮೀಟರ್ ಒಳಗೆ ಹೊಸ ಪರವಾನಗಿ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿ ಬೇಕು. ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ. ಕನಕಪುರದ ಪಕ್ಕ ಕಾವೇರಿ ವನ್ಯಜೀವಿಧಾಮ, ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ಎರಡೂ ಇವೆ. ರಾಮನಗರಕ್ಕೆ ಹೊಂದಿಕೊಂಡಂತೆಯೇ 2012ರಲ್ಲಿ ಘೋಷಣೆಯಾದ ರಾಮದೇವರಬೆಟ್ಟ ರಣಹದ್ದು ವನ್ಯಜೀವಿಧಾಮವಿದೆ. ಹೊಸ ಅರ್ಜಿ ಏಕೆ ತಡವಾಗುತ್ತಿದೆ ಎಂಬ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಈ ಕಲಂನಲ್ಲಿರುತ್ತದೆ. ಸಂಗಮ, ಮುತ್ತತ್ತಿ ಕಡೆ ಕಾಡಿನ ದಾರಿಯಲ್ಲಿ ಹೋಗುವವರು ಗಮನಿಸಬೇಕಾದದ್ದು 31ನೇ ಕಲಂ: ಲಿಖಿತ ಅನುಮತಿಯಿಲ್ಲದೆ ವನ್ಯಜೀವಿಧಾಮದೊಳಗೆ ಆಯುಧ ಒಯ್ಯುವಂತಿಲ್ಲ. ಬಂದೂಕಿನ ಪರವಾನಗಿ ಪುಸ್ತಕ ಈ ಅನುಮತಿಯ ಬದಲಿಗೆ ನಡೆಯುವುದಿಲ್ಲ.

ತಪ್ಪು ಕಲ್ಪನೆ 8: ಕೊಡಗಿನವರಿಗೆ ಲೈಸೆನ್ಸ್ ಬೇಡವಲ್ಲ, ಕಾಡಂಚಿನ ನಮಗೂ ಬೇಡ

ಸತ್ಯ: ಕೊಡಗಿನ ವಿನಾಯಿತಿ ಕಾಡಂಚಿನಲ್ಲಿ ವಾಸಿಸುತ್ತಾರೆಂದು ಕೊಟ್ಟದ್ದಲ್ಲ. ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ನಡೆದುಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಂ ಅಡಿ ಅಧಿಸೂಚನೆಯ ಮೂಲಕ ಮುಂದುವರಿಸಿದೆ. 2019ರ ಅಧಿಸೂಚನೆ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದರಲ್ಲೂ ಷರತ್ತುಗಳಿವೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಯಾವ ಊರಿಗೂ ಅಂಥ ವಿನಾಯಿತಿ ಇಲ್ಲ.

ತಪ್ಪು ಕಲ್ಪನೆ 9: ಜಾತ್ರೆ, ಮದುವೆಯಲ್ಲಿ ಗಾಳಿಗೆ ಗುಂಡು ಹಾರಿಸಿದರೆ ತಪ್ಪಿಲ್ಲ

ಸತ್ಯ: ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಜನ ಸೇರುವ ಜಾಗಕ್ಕೆ, ಶಾಲಾ ಕಾಲೇಜಿನ ಆವರಣಕ್ಕೆ ಬಂದೂಕು ಒಯ್ಯಬಾರದೆಂಬುದು ಪರವಾನಗಿಯ ಷರತ್ತುಗಳಲ್ಲೇ ಇದೆ. ಮಾಗಡಿ ರಂಗನಾಥಸ್ವಾಮಿಯ ತೇರಿಗಾದರೂ ಕಬ್ಬಾಳಮ್ಮನ ಜಾತ್ರೆಗಾದರೂ ಇದೇ ನಿಯಮ. ಸಂಭ್ರಮಕ್ಕೆಂದು ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ವಿಧಿಸಬಹುದೆಂದು 2019ರ ತಿದ್ದುಪಡಿ ಸೇರಿಸಿದೆ. ಮೇಲೆ ಹಾರಿದ ಗುಂಡು ಕೆಳಗೆ ಬಿದ್ದೇ ಬೀಳುತ್ತದೆ.

ತಪ್ಪು ಕಲ್ಪನೆ 10: ಚುನಾವಣೆ ಬಂದರೆ ಪ್ರತಿಯೊಬ್ಬರೂ ಬಂದೂಕು ಒಪ್ಪಿಸಲೇಬೇಕು, ವಿನಾಯಿತಿ ಕೇಳುವಂತಿಲ್ಲ

ಸತ್ಯ: ಯಾರ ಆಯುಧ ಠೇವಣಿ ಆಗಬೇಕೆಂದು ಪರಿಶೀಲಿಸಲು ಜಿಲ್ಲೆಗೊಂದು ಸಮಿತಿ ಇರಬೇಕೆಂಬುದು ಚುನಾವಣಾ ಆಯೋಗದ ಸೂಚನೆ. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಭಾಗಿಯಾದವರ ಮೇಲೆ ಅದರ ಮುಖ್ಯ ಗಮನ. ಬೆಳೆ ಕಾವಲಿಗೆ ಬಂದೂಕು ಬೇಕೇಬೇಕೆನ್ನುವ ರೈತ ಕಾರಣ ಬರೆದು ಅರ್ಜಿ ಕೊಡಬಹುದು. ಒಪ್ಪಿಸಲು ಆದೇಶ ಬಂದರೆ ಮಾತ್ರ ಪಾಲಿಸಲೇಬೇಕು. ಒಪ್ಪಿಸುವಾಗ ಬಂದೂಕಿನ ಸಂಖ್ಯೆ ನಮೂದಿಸಿದ ರಸೀದಿ ಪಡೆಯಲು ಮರೆಯಬಾರದು.

ತಪ್ಪು ಕಲ್ಪನೆ 11: ವಿದೇಶಕ್ಕೆ ಹೋಗುವಾಗಲೂ ಬರುವಾಗಲೂ ಇದೇ ಪುಸ್ತಕ ನಡೆಯುತ್ತದೆ

ಸತ್ಯ: ದೇಶದ ಗಡಿ ದಾಟಿಸಿ ಬಂದೂಕು ತರುವುದನ್ನು, ಒಯ್ಯುವುದನ್ನು 10ನೇ ಕಲಂ ಬೇರೆಯಾಗಿಯೇ ನಿಯಂತ್ರಿಸುತ್ತದೆ, ಕಸ್ಟಮ್ಸ್ ಕಾನೂನೂ ಜೊತೆಗೆ ಅನ್ವಯಿಸುತ್ತದೆ. ತಲುಪುವ ದೇಶದ ಅನುಮತಿ ಇನ್ನೊಂದು. ಗುರಿ ಹೊಡೆಯುವ ಸ್ಪರ್ಧೆಗೆ ಹೋಗುವ ಕ್ರೀಡಾಪಟುಗಳೂ ಇವನ್ನೆಲ್ಲ ಹೊರಡುವ ಮೊದಲೇ ಹೊಂದಿಸಿಕೊಳ್ಳುತ್ತಾರೆ. ಅಮೆರಿಕದಲ್ಲಿ ಕೊಂಡ ಬಂದೂಕನ್ನು ಊರಿಗೆ ಮರಳುವಾಗ ಸಾಮಾನಿನ ಜೊತೆ ಸುಮ್ಮನೆ ತರುವಂತಿಲ್ಲ.

ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂಬುದೂ 2019ರ ಬದಲಾವಣೆ. ಮೊದಲು ಈ ಮಿತಿ ಮೂರಿತ್ತು. ಅದೇ ತಿದ್ದುಪಡಿ ಪರವಾನಗಿಯ ಅವಧಿಯನ್ನು 3 ವರ್ಷದಿಂದ 5 ವರ್ಷಕ್ಕೆ ಏರಿಸಿತು. ಅವಧಿ ಉದ್ದವಾದಷ್ಟೂ ನವೀಕರಣದ ದಿನಾಂಕ ಮರೆಯುವುದು ಸುಲಭ, ಅವಧಿ ಮುಗಿದ ಪುಸ್ತಕಕ್ಕೆ ಬೆಲೆಯಿಲ್ಲ.

ಮನೆಯಲ್ಲಿ ಬಂದೂಕು ಇರುವವರೆಲ್ಲ ಇವತ್ತೇ ಆ ಪುಸ್ತಕ ತೆಗೆದು ಓದಿ. ಅದು ಯಾರ ಹೆಸರಿನಲ್ಲಿದೆ, ಯಾವ ಉದ್ದೇಶಕ್ಕೆ ಕೊಟ್ಟದ್ದು, ಯಾವ ಪ್ರದೇಶಕ್ಕೆ ಮಾನ್ಯ, ಯಾವ ತಾರೀಖಿಗೆ ಮುಗಿಯುತ್ತದೆ ಎಂಬ ನಾಲ್ಕು ಅಂಶ ನೋಡಿಕೊಳ್ಳಿ. ಅರ್ಥವಾಗದಿದ್ದರೆ ತಾಲ್ಲೂಕು ಕಚೇರಿಯಲ್ಲೋ ಠಾಣೆಯಲ್ಲೋ ಸಂಕೋಚವಿಲ್ಲದೆ ಕೇಳಿ. ಈ ನಾಲ್ಕರಲ್ಲಿ ಒಂದು ತಾಳೆಯಾಗದಿದ್ದರೂ ಅದು ಸರಿಹೋಗುವವರೆಗೆ ಬಂದೂಕು ಹಿಡಿದು ಮನೆಯ ಹೊಸ್ತಿಲು ದಾಟಬೇಡಿ.