ತೊಂಬತ್ತಾರು ಸಾವಿರದಲ್ಲಿ ಒಬ್ಬಳು

ಭರತ ಚಕ್ರವರ್ತಿಗೆ 96,000 ರಾಣಿಯರು. ಜೈನ ಪುರಾಣಗಳ ಈ ಲೆಕ್ಕವನ್ನು ಹೇಳಿ ಮುಗಿಸಲು ಒಂದು ಉಸಿರು ಸಾಕು. ಕಾಗದದ ಮೇಲೆ ಹರವಿಕೊಂಡು ಕೂತರೆ ಮಾತ್ರ ತಲೆ ತಿರುಗುತ್ತದೆ. ದಿನಕ್ಕೊಬ್ಬ ರಾಣಿಯ ಅಂತಃಪುರಕ್ಕೆ ಹೋದರೂ ಒಂದು ಸುತ್ತು ಮುಗಿಯಲು 263 ವರ್ಷ ಬೇಕು. ಒಬ್ಬೊಬ್ಬಳ ಎದುರು ಒಂದೇ ನಿಮಿಷ ನಿಂತು ಕುಶಲ ಕೇಳಿದರೂ, ಊಟ ನಿದ್ದೆ ಬಿಟ್ಟು 66 ದಿನ 16 ಗಂಟೆ ಹಿಡಿಯುತ್ತದೆ.

ಈ ಅರಸನ ಕತೆಯನ್ನು ಕನ್ನಡದಲ್ಲಿ ಹಾಡಿದವನು ಮೂಡಬಿದಿರೆಯ ರತ್ನಾಕರವರ್ಣಿ, 16ನೇ ಶತಮಾನದ ಕವಿ. ಅವನ ‘ಭರತೇಶ ವೈಭವ’ದಲ್ಲಿ 80 ಸಂಧಿಗಳು, ಸುಮಾರು 10,000 ಸಾಂಗತ್ಯ ಪದ್ಯಗಳು. ಸಾಂಗತ್ಯವೆಂದರೆ ಹಾಡಲೆಂದೇ ಹುಟ್ಟಿದ ನಾಲ್ಕು ಸಾಲಿನ ಮಟ್ಟು. ಒಂದು ಪದ್ಯಕ್ಕೆ 20 ಸೆಕೆಂಡ್ ಎಂದು ಹಿಡಿದರೂ ಇಡೀ ಕಾವ್ಯ ಹಾಡಲು 55 ಗಂಟೆ ಮೀರುತ್ತದೆ. ಹಗಲು ರಾತ್ರಿ ಎಡೆಬಿಡದೆ ಹಾಡಿದರೆ ಎರಡು ದಿನ ಕಳೆದು ಮೂರನೆಯ ದಿನಕ್ಕೆ ಕಾಲಿಡಬೇಕು.

ಒಬ್ಬ ಗಂಡಸು ಅಷ್ಟು ಹೆಂಗಸರನ್ನು ಪ್ರೀತಿಸುವುದು ಹೇಗೆ? ಜೈನ ಪರಂಪರೆ ಇದಕ್ಕೊಂದು ಉತ್ತರ ಕಂಡುಕೊಂಡಿದೆ. ಚಕ್ರವರ್ತಿಗೆ ವಿಕ್ರಿಯಾ ಶಕ್ತಿಯಿದೆ. ರಾಣಿಯರು ಎಷ್ಟು ಮಂದಿಯೋ ಅಷ್ಟು ರೂಪ ತಾಳಿ ಒಂದೇ ಹೊತ್ತಿಗೆ ಎಲ್ಲರ ಬಳಿಯೂ ಇರಬಲ್ಲ. ಈ ಕಲ್ಪನೆಯೊಳಗಿನ ಮನುಷ್ಯಜ್ಞಾನಕ್ಕೆ ನಾನು ತಲೆಬಾಗುತ್ತೇನೆ. ಅರಸನ ಪ್ರೀತಿಯಲ್ಲಿ 96,000ದ ಒಂದು ಪಾಲು ಸಿಕ್ಕಿದರೆ ಯಾವ ಹೆಣ್ಣಿಗೂ ಅದು ಪ್ರೀತಿ ಅನ್ನಿಸುವುದಿಲ್ಲ. ಅವಳಿಗೆ ಬೇಕಾದವನು ಇಡೀ ಭರತ. ಹಾಗಾಗಿ ಪುರಾಣಕಾರರು ಭರತನನ್ನು ಭಾಗಿಸಲಿಲ್ಲ, ಗುಣಿಸಿದರು.

ಅಷ್ಟಾಗಿಯೂ ಪ್ರೀತಿಯ ಒಳಮನೆ ತೋರಿಸುವ ಹೊತ್ತು ಬಂದಾಗ ರತ್ನಾಕರನಿಗೆ ಆ ದೊಡ್ಡ ಸಂಖ್ಯೆ ಉಪಯೋಗಕ್ಕೆ ಬರಲಿಲ್ಲ. ಕಾವ್ಯದ ಮೊದಲ ಭಾಗವಾದ ಭೋಗವಿಜಯದಲ್ಲಿ ಅವನು ಕುಸುಮಾಜಿ ಎಂಬ ಒಬ್ಬ ರಾಣಿಯ ಹತ್ತಿರ ನಿಲ್ಲುತ್ತಾನೆ. ಅವಳು ಸಾಕಿದ ಗಿಳಿಯನ್ನು ಮುಂದಿಟ್ಟುಕೊಂಡು ಅರಸನ ಮಾತು ತೆಗೆಯುತ್ತಾಳೆ. ಪ್ರೀತಿಯಲ್ಲಿ ಬಿದ್ದವರ ಮೊದಲ ಲಕ್ಷಣವೇ ಇದು: ಯಾರ ಮುಂದಾದರೂ ಸರಿ, ಆ ಒಂದು ಹೆಸರು ಹೇಳಲೇಬೇಕು. ಕೇಳುವವರು ಮನುಷ್ಯರಾಗಿರಬೇಕೆಂಬ ಹಟವೂ ಇಲ್ಲ. ತೊಂಬತ್ತಾರು ಸಾವಿರ ರಾಣಿಯರ ಅರಮನೆಯಲ್ಲಿ ಓದುಗರ ಮನಸ್ಸಿನಲ್ಲಿ ಉಳಿಯುವುದು ಒಬ್ಬ ಹೆಣ್ಣು, ಒಂದು ಗಿಳಿ.

ಕವಿಯ ಬದುಕಿಗೂ ಇಂಥದೇ ಒಂದು ಐತಿಹ್ಯ ಅಂಟಿಕೊಂಡಿದೆ. ಅದನ್ನು 19ನೇ ಶತಮಾನದಲ್ಲಿ ದೇವಚಂದ್ರ ‘ರಾಜಾವಳಿ ಕಥೆ’ಯಲ್ಲಿ ಬರೆದಿಟ್ಟ. ರತ್ನಾಕರ ಕಾರ್ಕಳದ ಭೈರರಸನ ಆಸ್ಥಾನದಲ್ಲಿದ್ದನಂತೆ. ಅರಸನ ಮಗಳಿಗೂ ಅವನಿಗೂ ಮನಸ್ಸು ಕೂಡಿತಂತೆ. ಯೋಗದಿಂದ ವಾಯುಗಳನ್ನು ವಶ ಮಾಡಿಕೊಂಡು ಅರಮನೆಯ ಉಪ್ಪರಿಗೆ ಏರಿ ಅವಳನ್ನು ಕಾಣುತ್ತಿದ್ದನಂತೆ. ಸಂಗತಿ ಅರಸನ ಕಿವಿಗೆ ಬಿದ್ದ ಮೇಲೆ ತಪ್ಪಿಸಿಕೊಂಡು ವ್ರತ ಹಿಡಿದನಂತೆ. ಕತೆ ನಡೆದದ್ದೋ ಕಟ್ಟಿದ್ದೋ, ಅದನ್ನು ಹೇಳಿಕೊಂಡು ಬಂದ ಜನ ಒಂದು ವಿಷಯ ಸರಿಯಾಗಿ ಬಲ್ಲವರು. ಪ್ರೀತಿ ಹತ್ತಿದವನಿಗೆ ಮೈಯ ಭಾರ ಗೊತ್ತಾಗುವುದಿಲ್ಲ, ಗೋಡೆಯ ಎತ್ತರ ಕಾಣುವುದಿಲ್ಲ.

ರತ್ನಾಕರ ಓಡಾಡಿದ ಪೇಟೆಯಲ್ಲಿ ಆಗಲೇ ಸಾವಿರ ಕಂಬದ ಬಸದಿ ಇತ್ತು; ಅದನ್ನು ಕಟ್ಟಿದ್ದು 1430ರಲ್ಲಿ. ಒಂದು ಕಂಬದಂತೆ ಇನ್ನೊಂದಿಲ್ಲ ಎಂಬುದು ಮೂಡಬಿದಿರೆಯವರ ಹೆಮ್ಮೆಯ ಮಾತು. ಹೊರಗೆ ನಿಂತು ನೋಡುವವರಿಗೆ ಅದು ಕಂಬಗಳ ಕಾಡು. ಒಂದರ ಬುಡದಲ್ಲಿ ಕೂತು ಅದರ ಕೆತ್ತನೆಯನ್ನು ಬೆರಳಿನಿಂದ ಮುಟ್ಟಿ ನೋಡಿದವರಿಗೆ ಮಾತ್ರ ಅದು ಆ ಒಂದು ಕಂಬ.

ಈ ‘ಆ ಒಂದು’ ಎಂಬುದು ನಮ್ಮ ಸೀಮೆಯ ಕವಿಗಳ ಕಲ್ಪನೆಯಷ್ಟೇ ಅಲ್ಲ. 1992ರಲ್ಲಿ ವಿಲಿಯಂ ಜಾಂಕೋವಿಯಾಕ್ ಮತ್ತು ಎಡ್ವರ್ಡ್ ಫಿಶರ್ ಎಂಬ ಮಾನವಶಾಸ್ತ್ರಜ್ಞರು ಜಗತ್ತಿನ 166 ಸಮಾಜಗಳ ದಾಖಲೆಗಳನ್ನು ಜಾಲಾಡಿದರು. 147ರಲ್ಲಿ ಪ್ರಣಯದ ಗುರುತು ಸಿಕ್ಕಿತು. ಹಾಡು, ವಿರಹ, ಓಡಿಹೋಗುವುದು, ಎಲ್ಲವೂ.

2005ರಲ್ಲಿ ಆರ್ಥರ್ ಏರನ್, ಹೆಲೆನ್ ಫಿಶರ್, ಲೂಸಿ ಬ್ರೌನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಪ್ರೀತಿಯ ಹುಚ್ಚು ಹತ್ತಿದ್ದ 17 ಮಂದಿಯನ್ನು ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸಿದರು. ಹತ್ತು ಹೆಂಗಸರು, ಏಳು ಗಂಡಸರು. ಪ್ರೀತಿ ಶುರುವಾಗಿ ಸರಾಸರಿ 7.4 ತಿಂಗಳು. 30 ಸೆಕೆಂಡ್ ಪ್ರಿಯರ ಫೋಟೋ, ಆಮೇಲೆ 30 ಸೆಕೆಂಡ್ ಬೇರೊಬ್ಬ ಪರಿಚಿತರ ಫೋಟೋ. ಆದರೆ ಒಂದು ತೊಂದರೆ. ಫೋಟೋ ತೆಗೆದರೂ ಭಾವ ಇಳಿಯುವುದಿಲ್ಲ. ಅದನ್ನು ಇಳಿಸಲು ನಾಲ್ಕಂಕಿಯ ಸಂಖ್ಯೆಯೊಂದನ್ನು ಕೊಟ್ಟು ಏಳೇಳು ಕಳೆಯುತ್ತಾ ಹಿಂದಕ್ಕೆ ಎಣಿಸಲು ಹೇಳಿದರು. ಪರಿಚಿತರ ಫೋಟೋ ನೋಡಿದ ಮೇಲೆ 20 ಸೆಕೆಂಡ್ ಎಣಿಕೆ, ಪ್ರಿಯರ ಫೋಟೋ ನೋಡಿದ ಮೇಲೆ 40 ಸೆಕೆಂಡ್. ಅರ್ಧ ನಿಮಿಷ ಮುಖ ನೋಡಿದ್ದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಲೆಕ್ಕ ಮಾಡಬೇಕು!

ಪ್ರಿಯರ ಫೋಟೋ ಕಂಡಾಗ ಸ್ಕ್ಯಾನ್ ಚಿತ್ರಗಳಲ್ಲಿ ಬೆಳಗಿದ್ದು ನಡುಮಿದುಳಿನ ಒಂದು ಪುಟ್ಟ ಜಾಗ. ‘ಬೇಕು’ ಎಂಬ ಸೆಳೆತವನ್ನು ಹುಟ್ಟಿಸುವ ಡೋಪಮಿನ್ ಕೋಶಗಳು ಇರುವುದು ಅಲ್ಲಿ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ನಡುಮಿದುಳಿನ ಡೋಪಮಿನ್ ಕೋಶಗಳು ಎಲ್ಲ ಸೇರಿ ನಾಲ್ಕರಿಂದ ಆರು ಲಕ್ಷ. ಐದು ಲಕ್ಷವೆಂದು ಹಿಡಿದರೆ 1,72,000 ಕೋಶಗಳಿಗೆ ಒಂದು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಜನಸಂಖ್ಯೆ 20,89,649. ಅದೇ ಪ್ರಮಾಣದಲ್ಲಿ ಲೆಕ್ಕ ಹಾಕಿದರೆ ಇಡೀ ಜಿಲ್ಲೆಯಲ್ಲಿ ಹನ್ನೆರಡೇ ಜನ. ಆ ಹನ್ನೆರಡು ಮಂದಿ ಕೂಗಿದರೆಂದು ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಅಂಗಡಿ, ಶಾಲೆ, ಬಸ್ಸು ಎಲ್ಲ ಒಂದೇ ಕಡೆಗೆ ಮುಖ ತಿರುಗಿಸಿದ ಹಾಗೆ ಪ್ರೀತಿ ನಮ್ಮ ಮೈಯೊಳಗೆ ಕೆಲಸ ಮಾಡುತ್ತದೆ. ಹಸಿವು ಹೋಗುತ್ತದೆ, ನಿದ್ದೆ ಹಾರುತ್ತದೆ, ಆದರೂ ದಣಿವಾಗುವುದಿಲ್ಲ.

ಅನುಮಾನವಿದ್ದರೆ ಸಂಜೆ ಬಂಟ್ವಾಳದ ಬಿ.ಸಿ. ರೋಡಿನ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಲ್ಲಿ. ಧರ್ಮಸ್ಥಳದ ಬಸ್ಸು, ಪುತ್ತೂರಿನ ಬಸ್ಸು, ಕಾಲೇಜು ಬಿಟ್ಟ ಮಕ್ಕಳು, ಕೆಲಸ ಮುಗಿಸಿ ಬಂದವರು, ಎಲ್ಲ ಕಡೆ ಜನ. ಅಷ್ಟು ಜನರ ನಡುವೆ ಒಬ್ಬ ಹುಡುಗ ಕಂಬಕ್ಕೆ ಒರಗಿ ನಿಂತಿರುತ್ತಾನೆ. ಕಂಡಕ್ಟರ್ “ಸಿದ್ದಕಟ್ಟೆ, ಮೂಡಬಿದ್ರೆ” ಎಂದು ಪಕ್ಕದಲ್ಲೇ ಕೂಗಿದರೂ ಅವನಿಗೆ ಕೇಳಿಸುವುದಿಲ್ಲ. ದೂರದಲ್ಲಿ ಒಂದು ಕೊಡೆ, ಕೊಡೆಯ ಕೆಳಗೆ ಒಂದು ನಡಿಗೆ ಕಂಡದ್ದೇ ತಡ, ಮುಖ ಕಾಣುವ ಮೊದಲೇ ಅವನಿಗೆ ಗೊತ್ತಾಗುತ್ತದೆ. ಆ ಜಾತ್ರೆಯಂಥ ಗದ್ದಲದಲ್ಲಿ ಅವನಿಗೆ ಬಂದದ್ದು ಒಬ್ಬಳೇ.

ಈ ಗುಂಗನ್ನೂ ಅಳೆದವರಿದ್ದಾರೆ. ಇಟಲಿಯಲ್ಲಿ ಡೊನಾಟೆಲ್ಲಾ ಮರಾಜಿಟಿ 1999ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಆರಿಸಿದ್ದು, ಪ್ರೀತಿ ಹುಟ್ಟಿ ಆರು ತಿಂಗಳು ದಾಟದ, ದಿನಕ್ಕೆ ಕನಿಷ್ಠ ನಾಲ್ಕು ಗಂಟೆ ಆ ಒಬ್ಬರನ್ನೇ ನೆನೆಯುವ 20 ಮಂದಿಯನ್ನು. ಆರು ತಿಂಗಳಿಗೆ 720 ಗಂಟೆ. ಅಂದರೆ ರಾತ್ರಿಯನ್ನೂ ಸೇರಿಸಿ ಪೂರ್ತಿ ಒಂದು ತಿಂಗಳು ಒಂದೇ ಮುಖದ ಧ್ಯಾನ. ಸೆರೊಟೋನಿನ್‌ಗೆ ಸಂಬಂಧಿಸಿದ ಅವರ ರಕ್ತದ ಅಳತೆಗಳು ಗೀಳುರೋಗದವರ ಅಳತೆಗಳಂತೆಯೇ ಇದ್ದವು. 12ರಿಂದ 18 ತಿಂಗಳ ಬಳಿಕ ಅವರಲ್ಲಿ ಆರು ಮಂದಿಯನ್ನು ಮತ್ತೆ ಪರೀಕ್ಷಿಸಿದಾಗ ಅಳತೆ ಎಲ್ಲರಂತೆ ಆಗಿತ್ತು. ಗೀಳು ಇಳಿಯಿತೆಂದರೆ ಪ್ರೀತಿ ಮುಗಿಯಿತು ಎಂದಲ್ಲ. ಏರನ್ ಮತ್ತು ಹೆಲೆನ್ ಫಿಶರ್ ಅವರ ತಂಡವೇ ಮುಂದೆ, ಮದುವೆಯಾಗಿ ಸರಾಸರಿ 21.4 ವರ್ಷ ಕಳೆದರೂ ತೀವ್ರವಾಗಿ ಪ್ರೀತಿಸುತ್ತೇವೆ ಎಂದ 17 ಮಂದಿಯನ್ನು ಪರೀಕ್ಷಿಸಿತು. ಸಂಗಾತಿಯ ಫೋಟೋ ಕಂಡಾಗ ಬೆಳಗಿದ್ದು ನಡುಮಿದುಳಿನ ಅದೇ ಜಾಗ.

ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿದೆ. ಈವರೆಗೆ 12,000ಕ್ಕೂ ಹೆಚ್ಚು ಜೋಡಿಗಳು ಗೋಧೂಳಿ ಲಗ್ನದಲ್ಲಿ ಅಲ್ಲಿ ಮಾಲೆ ಬದಲಿಸಿದ್ದಾರೆ. ಅಂತರ್ಜಾತಿಯ ಜೋಡಿಗಳೂ ಅವರಲ್ಲಿದ್ದಾರೆ. ಪ್ರೀತಿಸಿ ಬಂದವರೋ, ಹಿರಿಯರು ನೋಡಿ ಕೂಡಿಸಿದವರೋ, ಸಾಲಾಗಿ ನಿಂತ ಆ ಜನಸಾಗರದಲ್ಲಿ ಪ್ರತಿ ವಧುವಿಗೂ ಕಾಣಬೇಕಾದ ಮುಖ ಒಂದೇ, ಪ್ರತಿ ವರನಿಗೂ ಒಂದೇ. ಇಪ್ಪತ್ತನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯ ಲೆಕ್ಕ ಕೊನೆಗೆ ಬಂದು ನಿಲ್ಲುವುದು ಒಬ್ಬರ ಎದುರು ಒಬ್ಬರು ಎಂಬಲ್ಲಿಗೆ.

2022ರ ನವೆಂಬರಿನಲ್ಲಿ ಜಗತ್ತಿನ ಜನಸಂಖ್ಯೆ 800 ಕೋಟಿ ಮುಟ್ಟಿತು. ಪ್ರೀತಿಸಿದವರಿಗೆ ಈ ಸಂಖ್ಯೆಯಿಂದ ಏನೂ ಆಗಬೇಕಾದ್ದಿಲ್ಲ. ಪ್ರೀತಿಸುವುದೆಂದರೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟೇ: ಒಂದು ಎಂಬ ಸಂಖ್ಯೆ 800 ಕೋಟಿಗಿಂತ ದೊಡ್ಡದಾಗುವುದು.

ಆದ್ದರಿಂದ ಹಿರಿಯರಲ್ಲಿ ಒಂದು ಮಾತು. ಮನೆಯ ಮಗನೋ ಮಗಳೋ ಒಂದು ಹೆಸರು ಹಿಡಿದುಕೊಂಡು ಬಂದು ಎದುರು ನಿಂತರೆ “ಊರಲ್ಲಿ ಬೇರೆ ಹುಡುಗಿಯರಿಲ್ವಾ ಮಾರಾಯ?” ಎಂದು ಗದರಿಸಬೇಡಿ. ಇದ್ದಾರೆ, ಲಕ್ಷಗಟ್ಟಲೆ ಇದ್ದಾರೆ. ಆ ಲೆಕ್ಕ ಅವನಿಗೂ ಗೊತ್ತು. ಜಾತಿ ಕೇಳುವ ಮೊದಲು, ಸಿಟ್ಟಾಗುವ ಮೊದಲು, ಕೂರಿಸಿಕೊಂಡು ಆ ಒಬ್ಬರ ವಿಷಯ ಪೂರ್ತಿ ಕೇಳಿ. ಒಪ್ಪುವುದು ಬಿಡುವುದು ಆಮೇಲೆ. ಪ್ರೀತಿಸಿದವರಲ್ಲೂ ಒಂದು ಮಾತು: ನಿಮಗೆ ಅವರು ಒಬ್ಬರೇ ಆಗಿದ್ದರೂ ಅವರಿಗೆ ನೀವು ಹಾಗೆ ಆಗದೇ ಇರಬಹುದು. ಬೇಡ ಎಂದರೆ ಅದನ್ನು ಗೌರವಿಸಿ. ಹೌದು ಎಂದರೆ ಮೊದಲ ಒಂದೂವರೆ ವರ್ಷದ ಬಿಸಿಯನ್ನೇ ನಂಬಿ ಕೂರದೆ, ಇಪ್ಪತ್ತೊಂದನೆಯ ವರ್ಷಕ್ಕೂ ಅದು ಉಳಿಯುವ ಹಾಗೆ ಬಾಳಿ.