35 ಸಾವಿರಕ್ಕೆ ಪಬ್ಲಿಸಿಟಿ ಕ್ಯಾಮರಾ... ಆಗುತ್ತಾ ಗುರುವೇ?

ತಿಪಟೂರು ಬಸ್‌ಸ್ಟಾಂಡು. ಸಂಜೆ ಆರೂವರೆ. ಬೆಂಗಳೂರು ಬಸ್ಸಿಗೆ ಕಾಯುತ್ತ ಟೀ ಕುಡಿಯುತ್ತಿದ್ದೆ. ಮೂವರು ಹುಡುಗರು ಎದುರಿಗೆ ಬಂದು ನಿಂತರು. ಒಬ್ಬ ಪಂಕ್ಚರ್ ಅಂಗಡಿಯವನು. ಇನ್ನೊಬ್ಬ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನು. ಮೂರನೆಯವನು ಹೀರೋ! (ಹಗಲು ಹೊತ್ತು ಆಟೋ ಓಡಿಸುತ್ತಾನೆ.)

"ಅಣ್ಣಾ, ನಲವತ್ತು ನಿಮಿಷದ ಪಿಚ್ಚರ್ ಮೊಬೈಲಲ್ಲೇ ತೆಗೆದು ಮುಗಿಸಿದೀವಿ. ಈಗ ಪೋಸ್ಟರು, ಟೀಸರು, ಹೀರೋ ಮಾತಾಡೋ ವಿಡಿಯೋ ಮಾಡ್ಬೇಕು. ಚೀಟಿ ಎತ್ತಿದೀವಿ, 35 ಸಾವಿರ ಐತೆ. ಯಾವ ಕ್ಯಾಮರಾ ತಗೊಳ್ಳಾಣ?"

ಚೀಟಿ ದುಡ್ಡು! ಎತ್ತುವುದು ಒಂದೇ ದಿನ, ಕಟ್ಟುವುದು ಇನ್ನೂ ಹದಿನಾಲ್ಕು ತಿಂಗಳು. ಬಾಯಿಗೆ ಬಂದ ಮಾಡೆಲ್ ಹೇಳಿ ಬಸ್ ಹತ್ತುವುದಕ್ಕೆ ಮನಸ್ಸು ಬರಲಿಲ್ಲ. ಯಾಕೆಂದರೆ ಇದೇ ಹೊಂಡಕ್ಕೆ ನಾನೂ ಬಿದ್ದವನು.

ಪಿಯುಸಿಗೆ ಶರಣು ಹೊಡೆದು ಪೇಪರಿಗೆ ಬರೆಯಲು ಶುರು ಮಾಡಿದ ಹೊಸತು. ಗಾಜಿನ ಶೋಕೇಸ್ ಇರೋ ಒಂದು ಅಂಗಡಿ. 'ಹೊಸ ಪೀಸು, ಎರಡು ಲೆನ್ಸು, ಬ್ಯಾಗ್ ಫ್ರೀ!' ಕೂಡಿಟ್ಟಿದ್ದನ್ನೆಲ್ಲ ಸುರಿದು ತಂದೆ. ಮೊದಲ ಕೆಲಸ ಒಂದು ನಾಟಕ ಕಂಪನಿಯ ಪ್ರಚಾರ. ಹಾಸ್ಯನಟರು ಒಂದು ಗಂಟೆ ಮಾತಾಡಿ ನಗಿಸಿದರು. ಮನೆಗೆ ಬಂದು ಹಾಕಿ ನೋಡಿದರೆ ಬರೀ ಫ್ಯಾನಿನ ಗರಗರ! ಹೊರಗಿನ ಮೈಕ್ ಚುಚ್ಚೋಣ ಅಂದರೆ ಕ್ಯಾಮರಾದಲ್ಲಿ ತೂತೇ ಇಲ್ಲ. ಕಂಪನಿ ಮಾಲೀಕರು ದುಡ್ಡು ಕೊಡಲಿಲ್ಲ. ಕೊಡಿ ಅಂತ ಕೇಳುವ ಮುಖ ನನಗೂ ಇರಲಿಲ್ಲ.

ಆದ್ದರಿಂದ ಮಿತ್ರರೇ, ಕ್ಯಾಮರಾ ಕೈಗೆ ಬಂದ ತಕ್ಷಣ ಪಕ್ಕದ ರಬ್ಬರ್ ಮುಚ್ಚಳ ತೆಗೆದು ನೋಡಿ. ಮೈಕ್ ತೂತು ಇದೆಯೋ ಇಲ್ಲವೋ? ಹೊಸದು ಅಂದ ಮಾತ್ರಕ್ಕೆ ಇರಲೇಬೇಕು ಅಂತಿಲ್ಲ. 2013ರ ಕ್ಯಾನನ್ 700ಡಿಯಲ್ಲಿ ಇದೆ, 2018ರ 1500ಡಿಯಲ್ಲಿ ಇಲ್ಲ. 2014ರ ನಿಕಾನ್ ಡಿ3300ರಲ್ಲಿ ಇದೆ, 2016ರಲ್ಲಿ ಬಂದ ಅದರ ತಮ್ಮ ಡಿ3400ರಲ್ಲಿ ಮಾಯ!

ಹುಡುಗರಿಗೆ ನಾನು ಹೇಳಿದ್ದು ಸೆಕೆಂಡ್‌ಹ್ಯಾಂಡ್ 700ಡಿ. ಹೀರೋ ಮುಖ ಸಪ್ಪಗಾಯಿತು. "18 ಮೆಗಾಪಿಕ್ಸೆಲ್ಲೇ ಅಣ್ಣಾ? ನನ್ ಮೊಬೈಲಲ್ಲೇ 50 ಐತೆ!"

ಟೀ ಅಂಗಡಿಯ ಪೇಪರ್ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಅದರ ಚಿತ್ರ 5184 ಚುಕ್ಕೆ ಉದ್ದ, 3456 ಚುಕ್ಕೆ ಅಗಲ. 36 ಇಂಚು ಉದ್ದ, 24 ಇಂಚು ಅಗಲದ ಪೋಸ್ಟರ್ ಹೊಡೆಸಿದರೆ ಇಂಚಿಗೆ 144 ಚುಕ್ಕೆ ಬೀಳುತ್ತದೆ. ಗೋಡೆ ಮೇಲಿನ ಪೋಸ್ಟರನ್ನು ನಾಲ್ಕಡಿ ದೂರದಿಂದ ನೋಡುವವನಿಗೆ ಅಷ್ಟು ಧಾರಾಳ. ಮಂಡಿ ಹುಡುಗ ತಾನೂ ಒಮ್ಮೆ ಭಾಗಿಸಿ ನೋಡಿ "ಸರಿ ಐತೆ ಕಣೋ" ಅಂದ.

ಮುಖಕ್ಕೆ ಕಳೆ ಕೊಡುವುದು ಲೆನ್ಸು. 50 ಎಂಎಂ, ಎಫ್ 1.8. ಕ್ಯಾನನ್ ಲೆನ್ಸುಗಳ ಪೈಕಿ ಅಗ್ಗದ್ದು. ಇಂಥ ಸಣ್ಣ ಸೆನ್ಸರಿನ ಕ್ಯಾಮರಾಕ್ಕೆ ಹಾಕಿದರೆ 80 ಎಂಎಂ ಥರ ಕೆಲಸ ಮಾಡುತ್ತದೆ. ಹೀರೋ ಕಣ್ಣು ಚುರುಕಾಗಿ ನಿಲ್ಲುತ್ತದೆ, ಹಿಂದಿನ ತೆಂಗಿನ ತೋಟ ಮಂಜಾಗುತ್ತದೆ. ಟಾಕೀಸಿನ ಗಾಜಿನ ಪೆಟ್ಟಿಗೆಯಲ್ಲಿ ಹಾಕುತ್ತಿದ್ದ ಸ್ಟಿಲ್ ನೋಡಿಯೇ ಟಿಕೆಟ್ ಕೊಂಡವರಲ್ಲವೇ ನಮ್ಮ ಅಪ್ಪಂದಿರು? ಇವತ್ತಿಗೂ ಜನ ಮೊದಲು ನೋಡುವುದು ಕಣ್ಣನ್ನೇ.

"ಹಂಗಾದ್ರೆ ಮೊಬೈಲು ದಂಡವಾ?" ಅಂದ ಪಂಕ್ಚರ್ ಹುಡುಗ. ಯಾಕೆ ದಂಡ? ಅಮೆರಿಕದ ಶಾನ್ ಬೇಕರ್ 2015ರಲ್ಲಿ ತೆರೆಕಂಡ 'ಟ್ಯಾಂಜರೀನ್' ಚಿತ್ರವನ್ನು ಐಫೋನ್ 5ಎಸ್‌ನಲ್ಲೇ ತೆಗೆದ. 2025ರಲ್ಲಿ ಅದೇ ಮಹಾನುಭಾವ 'ಅನೋರಾ'ಕ್ಕೆ ಒಂದೇ ರಾತ್ರಿ ನಾಲ್ಕು ಆಸ್ಕರ್ ಹೊತ್ತುಕೊಂಡು ಹೋದ! ಆದರೆ ಗಮನಿಸಿ, ಫೋನಿಗೂ ಅವನು ಬೇರೆ ಲೆನ್ಸ್ ಸಿಕ್ಕಿಸಿದ್ದ, ಧ್ವನಿಯನ್ನು ಬೇರೆಯಾಗಿಯೇ ಹಿಡಿಸಿದ್ದ.

ಸೆಕೆಂಡ್‌ಹ್ಯಾಂಡ್ ಕೊಳ್ಳಲು ಹಗಲು ಹೊತ್ತು ಹೋಗಿ. ಲೆನ್ಸಿನ ಒಳಗೆ ಟಾರ್ಚ್ ಬಿಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಪುಕ್ಕಟೆ ಕೊಟ್ಟರೂ ಬೇಡ. ಮಲೆನಾಡು, ಕರಾವಳಿಯಿಂದ ಬಂದ ಮಾಲಾದರೆ ಎರಡು ಸಲ ನೋಡಿ. ಶಟರ್ ಎಷ್ಟು ಸಲ ಹೊಡೆದಿದೆ ಅಂತ ಕೇಳಿ. ಈ ದರ್ಜೆಯ ಕ್ಯಾಮರಾಗಳಲ್ಲಿ ಅದರ ಆಯಸ್ಸು ಸುಮಾರು 1 ಲಕ್ಷ. ಮದುವೆ ಫೋಟೋಗ್ರಾಫರ್ ಕೈಯಿಂದ ಬಂದಿದ್ದರೆ ಅಷ್ಟು ಎಂದೋ ಮುಗಿದಿರುತ್ತದೆ!

ವಿಡಿಯೋಗೆ ಪಾಲ್ ಸೆಟ್ಟಿಂಗು, ಸೆಕೆಂಡಿಗೆ 25 ಫ್ರೇಮು, ಶಟರ್ 1/50. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಇಷ್ಟಿಟ್ಟರೆ ಟ್ಯೂಬ್‌ಲೈಟಿನ ಪಟ್ಟೆ ಓಡಾಡುವುದಿಲ್ಲ. ರೀಲ್ಸ್ ಮಾಡುವಾಗ ಕ್ಯಾಮರಾವನ್ನೇ ಅಡ್ಡ ತಿರುಗಿಸಿ ನಿಲ್ಲಿಸಿ. ಅಗಲವಾಗಿ ತೆಗೆದು ಆಮೇಲೆ ಕತ್ತರಿಸಿದರೆ 1920 ಚುಕ್ಕೆಯಲ್ಲಿ ಉಳಿಯುವುದು ಬರೀ 600 ಚಿಲ್ಲರೆ. 700ಡಿಗೆ ಹೆಡ್‌ಫೋನ್ ತೂತಿಲ್ಲ, ಅದೊಂದು ಕೊರತೆ. ಪ್ರತಿ ಶಾಟ್ ಮುಗಿದ ಮೇಲೆ ತಿರುಗಿ ಹಾಕಿ ಕೇಳಲೇಬೇಕು. ಆಟೋಫೋಕಸ್ಸೂ ನಿಧಾನ. ಇನ್ನೊಂದು ಹತ್ತು ಸಾವಿರ ಜಾಸ್ತಿ ಇದ್ದವರು 2017ರ 200ಡಿ ಹುಡುಕಬಹುದು, ಫೋಕಸ್ಸಿನಲ್ಲಿ ಅದು ಬಲು ಚುರುಕು. ಇಲ್ಲದವರು ಸಾಲ ಮಾಡಬೇಡಿ.

ಹದಿನೈದು ದಿನದ ಮೇಲೆ ಹೀರೋ ಫೋನ್ ಮಾಡಿದ. ಕ್ಯಾಮರಾ, ಕಿಟ್ ಲೆನ್ಸ್ ಸೇರಿ 19,000. 50 ಎಂಎಂ ಹಳೇದು 6,000. ಕಾಲರ್ ಮೈಕು 1,200. ಟ್ರೈಪಾಡ್ 2,500. ಕಾರ್ಡು, ಇನ್ನೊಂದು ಬ್ಯಾಟರಿ 1,800. ಒಟ್ಟು 30,500.

"ಬೆಳಕಿಗೆ ಏನ್ ಮಾಡಿದ್ರಿ?" ಅಂದೆ.

"ಥರ್ಮಾಕೋಲ್ ಶೀಟ್ ಅಣ್ಣಾ! ಬೆಳಗ್ಗೆ ಏಳು ಗಂಟೆ ಬಿಸ್ಲು, ಕೆರೆ ಏರಿ ಮೇಲೆ. ಪಂಕ್ಚರ್ ನನ್ಮಗ ಹಿಡ್ಕೊಂಡು ನಿಂತಿದ್ದ. ಉಳಿದ ದುಡ್ಡಲ್ಲಿ ಈ ತಿಂಗಳ ಚೀಟಿ ಕಟ್ಬಿಟ್ವಿ."

ಪೋಸ್ಟರ್ ವಾಟ್ಸಾಪ್‌ನಲ್ಲಿ ಬಂತು. ಮೂಗಿನ ತುದಿ ಸ್ವಲ್ಪ ಮಸುಕು. ಆದರೆ ಕಣ್ಣು... ಕಣ್ಣು ಚೆನ್ನಾಗಿ ಬಂದಿದೆ ಗುರೂ!